ಬೆಂಗಳೂರಿನ ಹನ್ನೆರಡು ನಿಮಿಷ

ಕಪ್ಪೆಬಂಡೆ ದೀಪಸ್ತಂಭ, ಉತ್ತರ ಕನ್ನಡ
ಶನಿವಾರ, 22 ಫೆಬ್ರವರಿ 2025

ಸಿದ್ರಾ ಆಪಾ,

ಹೌದು, ತಿಂದೆ. ಇಪ್ಪತ್ತು ದಿನ ತಿಂದೆ. ಈಗೇನು?

ನೀನು ಹಾಗಂತ ಬರೆದಿಲ್ಲ, ಗೊತ್ತು. ನೀನು ಏನೂ ಬರೆದೇ ಇಲ್ಲ. ನಾನು ಇಲ್ಲಿಗೆ ಬಂದು ಮೂರು ವಾರ ಆದ್ಮೇಲೆ ಮನೆಯಿಂದ ಒಂದು ಪಾರ್ಸೆಲ್ ಬಂತು. ಬೋಟಿನ ಜಾಫರಣ್ಣ ಬಂಡೆ ಹತ್ತಿ ತಂದುಕೊಟ್ಟ. ಬಿಚ್ಚಿದ್ರೆ ಒಂದು ಸ್ವೆಟರ್, ಒಂದು ಡಬ್ಬಿ ಖರ್ಜೂರ, ನಮ್ಮ ಮಸೀದಿಯವರು ಹಂಚೋ, ರೋಜಾ ಉಪವಾಸ ಶುರು ಮಾಡೋ, ಬಿಡೋ ಹೊತ್ತು ಬರೆದಿರೋ ರಂಜಾನ್ ಟೈಮ್ ಕಾರ್ಡು. ಕಾಗದ ಇಲ್ಲ, ಒಂದು ಸಾಲೂ ಇಲ್ಲ. ಆ ಕಾರ್ಡು ಯಾಕೆ ಅಂತ ನಂಗೆ ಗೊತ್ತಾಗಲ್ಲ ಅನ್ಕೊಂಡ್ಯಾ? "ಹೋದ ವರ್ಷ ಅಮ್ಮಿ ರೋಜಾದಲ್ಲಿ ಸಾಯ್ತಿದ್ರೆ ನೀನು ಪಕ್ಕದಲ್ಲಿ ಕೂತು ಬನ್ನು ತಿಂದೆ, ಈ ಸಲನಾದ್ರೂ ಟೈಮ್ ನೋಡ್ಕೊಂಡು ತಿನ್ನು." ಇಷ್ಟೇ ತಾನೆ?

ಅಮ್ಮಿನ ಮಣ್ಣು ಮಾಡಿ ಬಂದ ದಿನ ಅಬ್ಬಾ ಇಡೀ ಗಲ್ಲಿ ಮುಂದೆ ಹೇಳಿದ್ರು: "ಉಮ್ಮೆ ಕುಲ್ಸುಂ ಇಪ್ಪತ್ತನೇ ರೋಜಾದಲ್ಲಿ, ಬಾಯಿಗೆ ಒಂದು ಹನಿ ನೀರಿಲ್ದೆ ಹೋದ್ಲು. ಇವನು ಅವಳ ಮುಂದೆ ಕೂತು ತಿಂದ." ನೀನು ಅಲ್ಲೇ ನಿಂತಿದ್ದೆ. ಯಾಕೆ ತಿಂದೆ ಅಂತ ಒಬ್ರೂ ಕೇಳ್ಲಿಲ್ಲ. ಈಗ ಕೇಳಿದ್ರೂ ಹೇಳಲ್ಲ.

ಆಮೇಲೆ ಹತ್ತು ತಿಂಗಳು ಅಬ್ಬಾ ನನ್ಹತ್ರ ಮಾತಾಡ್ಲಿಲ್ಲ. ಗುಜರಿ ಬೀದೀಲಿ ಒಂದೇ ಅಂಗಡೀಲಿ ಎದುರುಬದುರು ಕೂತು ಕಾರ್ ಹೆಡ್‌ಲೈಟ್ ಪಾಲಿಶ್ ಮಾಡಿದ್ವಿ. ಸ್ಪ್ಯಾನರ್ ಬೇಕಿದ್ರೆ ಗಿರಾಕಿಗೆ ಹೇಳೋರು, "ಅವನ್ಹತ್ರ ಇದೆ, ಇಸ್ಕೊಡಿ" ಅಂತ. ಗಿರಾಕಿ ನಗೋನು. ನಂಗೆ ಅವನ ಹಲ್ಲು ಉದುರಿಸೋಣ ಅನ್ನಿಸೋದು.

ಓಡಿ ಬಂದೆ ಅಂತ ಹೇಳ್ಕೊಂಡು ತಿರುಗ್ಬೇಡಿ. ಇಲ್ಲಿ ದೀಪ ತಾನಾಗೇ ಹತ್ತೋ ಮಿಷಿನ್ನು ಕೆಟ್ಟು ಆರು ತಿಂಗಳಾಗಿದೆ. ರಿಪೇರಿ ಆಗೋ ತನಕ ಕೈಯಲ್ಲಿ ಹಾಕಿ ಆರಿಸೋಕೆ, ಗಾಜು ಒರೆಸೋಕೆ ಮೂರು ತಿಂಗಳಿಗೆ ಸ್ವಯಂಸೇವಕ ಬೇಕು ಅಂತ ಕರೆದಿದ್ರು. ಊಟ, ಮಂಚ ಕೊಡ್ತಾರೆ, ಅಷ್ಟೇ. ಫಾರಂನಲ್ಲಿ ವಿದ್ಯಾಭ್ಯಾಸ ಅನ್ನೋ ಕಡೆ ಒಂಬತ್ತನೇ ಕ್ಲಾಸು ಬಿಟ್ಟವನು ಅಂತಾನೇ ಬರೆದೆ. ಇಲ್ಲಿನ ಹೆಡ್ಡು ಸುಗತ ಸರ್, ಕಲಬುರಗಿಯೋರು, ಒಂದೇ ಕೇಳಿದ್ರು: "ಗಾಜು ಒರಸ್ಲಿಕ್ಕಿ ಬರ್ತದೇನಲೇ ತಮ್ಮಾ?" ಬರ್ತದೆ ಅಂದೆ. ಅಷ್ಟೇ ಇಂಟರ್‌ವ್ಯೂ.

ಫೋನ್ ಸಿಗಲ್ಲ. ಶನಿವಾರಕ್ಕೊಂದು ಬೋಟು. ಬರೆಯೋದಾದ್ರೆ ಬರಿ. ಸ್ವೆಟರ್ ಬೇಡ, ಇಲ್ಲಿ ಬೇಯ್ತಿದ್ದೀವಿ.

ಅರ್ಸಲಾನ್

*

ಶಿವಾಜಿನಗರ, ಬೆಂಗಳೂರು
ಬುಧವಾರ, 26 ಫೆಬ್ರವರಿ 2025

ಅರ್ಸಲಾನ್,

ನಿನ್ನ ಪತ್ರ ಬಂತು. ಅದರ ಮೊದಲ ಪುಟವನ್ನು ನಾನು ಮೂರು ಸಲ ಓದಿದೆ, ಅಬ್ಬಾಗೆ ಮಾತ್ರ ಓದಲಿಲ್ಲ. ಅವರಿಗೆ ಕನ್ನಡ ಓದಲು ಬಾರದಿರುವುದು ಒಂದೊಂದು ಸಲ ಒಳ್ಳೆಯದೇ. ಎರಡನೇ ಪುಟವನ್ನು ನಮ್ಮ ಉರ್ದು ಮಾತಿನಲ್ಲಿ ಓದಿ ಹೇಳಿದೆ. ಕೊನೆಗೆ "ಅಬ್ಬಾಗೆ ಸಲಾಂ" ಎಂದು ನಾನೇ ಸೇರಿಸಿದೆ. ಬೈಯಬೇಡ.

ನಾನು ಪತ್ರ ಇಡದಿದ್ದುದು ತಪ್ಪು. ಏನು ಬರೆಯಬೇಕೆಂದು ತಿಳಿಯಲಿಲ್ಲ, ಅಷ್ಟೇ. ಆದರೆ ಕಾರ್ಡು ಇಟ್ಟವಳು ನಾನಲ್ಲ. ತಿಪ್ಪಸಂದ್ರದಲ್ಲಿ ಹೊಲಿಗೆ ಮುಗಿಸಿ ಬಂದು, ನಾನು ನೆಲದ ಮೇಲೆ ಕುಳಿತು ಪಾರ್ಸೆಲ್ ಕಟ್ಟುತ್ತಿದ್ದೆ. ಅಬ್ಬಾ ಮಸೀದಿಯಿಂದ ಬಂದರು. ಜೇಬಿನಿಂದ ಆ ಕಾರ್ಡು ತೆಗೆದು ಖರ್ಜೂರದ ಡಬ್ಬಿಯ ಮೇಲಿಟ್ಟು, ಕೈ ತೊಳೆಯಲು ಹೋದರು. ಬೈಗುಳ ಕಳಿಸುವವರು ಅದನ್ನು ಮಡಿಕೆಯಾಗದ ಹಾಗೆ ರಟ್ಟಿಗೆ ಅಂಟಿಸಿ ತರುತ್ತಾರೆಯೇ?

ನಿನ್ನೆ ಊಟವಾದ ಮೇಲೆ ಅವರಾಗಿಯೇ ಮಾತೆತ್ತಿದರು. "ಒಂದು ರಂಜಾನ್ ಪೂರ್ತಿ ರೋಜಾ ಇಡಲಿ. ಒಂದೂ ಬಿಡದೆ. ಆಮೇಲೆ ಈದ್ ದಿನ ಬಂದು ನನ್ನ ಪಕ್ಕದಲ್ಲಿ ಊಟದ ದಸ್ತರ್‌ಖಾನಿಗೆ ಕೂರಲಿ. ನಾನು ಹಳೆಯದನ್ನು ಎತ್ತುವುದಿಲ್ಲ." ಹೋದ ವರ್ಷದಿಂದ ನಿನ್ನ ವಿಷಯಕ್ಕೆ ಅವರು ಆಡಿದ ಅತಿ ಉದ್ದದ ಮಾತು ಇದು. ಯಾರೂ ನೋಡದ ಬಂಡೆಯ ಮೇಲೆ ಇದ್ದೀಯೆ. ನೀನು ಇಟ್ಟೆಯೋ ಇಲ್ಲವೋ ಎಂಬುದಕ್ಕೆ ನಿನ್ನ ಮಾತನ್ನೇ ನಂಬುತ್ತೇನೆ ಎನ್ನುತ್ತಿದ್ದಾರೆ. ಅದು ಸಣ್ಣ ಮಾತಲ್ಲ.

ಇನ್ನೊಂದು. ದೊಡ್ಡ ದೀಪದ ಗಾಜಿಗೆ ಪಾಲಿಶ್ ಕಾಂಪೌಂಡ್ ಹಚ್ಚಬೇಡ ಎಂದು ಬರೆಯಲು ಹೇಳಿದರು. ಬರೆದಿದ್ದೇನೆ.

ಸಿದ್ರಾ

*

ಕಪ್ಪೆಬಂಡೆ
ಶನಿವಾರ, 8 ಮಾರ್ಚ್ 2025

ಆಪಾ,

ಇವತ್ತಿಗೆ ಏಳು. ಒಂದೂ ಬಿಟ್ಟಿಲ್ಲ. ಓದು ಅಬ್ಬಾಗೆ, ಇದನ್ನ ಪೂರ್ತಿ ಓದು.

ಕಾಂಪೌಂಡ್ ಹಚ್ಚಲ್ಲ ಅಂತ ಹೇಳು. ಇದು ಮಾರುತಿ ಕಾರಿನ ಪ್ಲಾಸ್ಟಿಕ್ ಲೈಟ್ ಡೂಮಲ್ಲ, ನೂರು ವರ್ಷದ ಗಾಜು, ನನಗಿಂತ ಎತ್ತರ ಇದೆ. ಪಟ್ಟಿ ಪಟ್ಟಿಯಾಗಿ ಕೊರೆದಿದ್ದಾರೆ. ಸುಗತ ಸರ್‌ಗೆ ಮಂಡಿ ಆಪರೇಷನ್ ಅಂತ ದಡಕ್ಕೆ ಹೋಗಿ ಎರಡು ವಾರ ಆಯ್ತು. ಈಗ ಬಂಡೆ ಮೇಲೆ ನಾನೊಬ್ನೇ, ಮತ್ತೆ ಕಾಗೆ ಥರ ಕಿರುಚೋ ಒಂದಿನ್ನೂರು ಬಿಳಿ ಹಕ್ಕಿ. ಅವಕ್ಕೆ ಕಕ್ಕಸು ಮಾಡೋಕೆ ಇಡೀ ಅರಬ್ಬಿ ಸಮುದ್ರ ಇದೆ, ನನ್ನ ಗಾಜೇ ಬೇಕು.

ಬೆಳಿಗ್ಗೆ ದೀಪ ಆರಿಸೋದು. ಆರಿಸಿದ ತಕ್ಷಣ ಸುತ್ತ ಪರದೆ ಎಳೀಬೇಕು. ಮರೆತ್ರೆ ಬಿಸಿಲು ಅದೇ ಗಾಜಲ್ಲಿ ಉಲ್ಟಾ ನುಗ್ಗಿ ಒಳಗಿರೋ ವೈರು, ಬಲ್ಬು ಎಲ್ಲಾ ಸುಡುತ್ತೆ. ಆಮೇಲೆ ಒರೆಸೋದು. ಮೇಲಿಂದ ಕೆಳಕ್ಕೆ, ಒಂದೇ ಕಡೆಗೆ, ಅಬ್ಬಾ ಹೇಳ್ಕೊಟ್ಟ ಹಾಗೇ. ನೂರಾ ಮೂವತ್ತೆಂಟು ಮೆಟ್ಲು, ದಿನಕ್ಕೆ ಆರು ಸಲ. ಮೂರು ಗಂಟೆಗೊಂದ್ಸಲ ರಿಜಿಸ್ಟರ್‌ನಲ್ಲಿ ಗಾಳಿ ಎಲ್ಲಿಂದ, ಅಲೆ ಎಷ್ಟು, ದೂರದ ಬಂಡೆ ಕಾಣುತ್ತಾ, ಇಲ್ವಾ ಅಂತ ಬರೀಬೇಕು. ಒಂಬತ್ತನೇ ಕ್ಲಾಸಲ್ಲಿ ಬಿಟ್ಟವನು ದಿನಾ ಎಂಟು ಸಲ ಬರೀತಿದ್ದೀನಿ. ಮೇಷ್ಟ್ರಿಗೆ ತೋರಿಸ್ಬೇಕು.

ಬಾಯಾರುತ್ತೆ. ಉಪ್ಪು ಗಾಳಿಗೆ ನಾಲಿಗೆ ಚಪ್ಪಲಿ ಥರ ಆಗುತ್ತೆ. ಸುತ್ತ ನೀರು, ಕುಡಿಯೋ ಹಾಗಿಲ್ಲ. ರೋಜಾ ಇಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಬಿಡು.

ಸಂಜೆ ಮೇಲೆ ಹತ್ತಿ ಪರದೆ ತೆಗೆದು, ಅಬ್ಬಾನ ಕಾರ್ಡು ಕೈಯಲ್ಲಿ ಹಿಡ್ಕೊಂಡು ಕೂರ್ತೀನಿ. ಕಾರ್ಡಲ್ಲಿ ಎಷ್ಟಿದ್ಯೋ ಅಷ್ಟಕ್ಕೆ ಸರಿಯಾಗಿ ಖರ್ಜೂರ ಬಾಯಿಗೆ, ಎಡಗೈ ಸ್ವಿಚ್ಚಿಗೆ. ಒಂದು ನಿಮಿಷ ಮುಂಚೆ ಇಲ್ಲ. ಸೂರ್ಯ ಆಗಿನ್ನೂ ನೀರಿನ ಮೇಲೆ ಎರಡು ಬೆರಳು ಎತ್ತರದಲ್ಲಿ ಇರ್ತಾನೆ. ಇಲ್ಲಿನ ಸೂರ್ಯ ಸೋಂಬೇರಿ. ನಮಗೇನು? ಶಿವಾಜಿನಗರದಲ್ಲಿ ಯಾವತ್ತು ಸೂರ್ಯ ನೋಡಿ ರೋಜಾ ಬಿಟ್ಟಿದ್ದೀವಿ? ಸೈರನ್ ಆಗುತ್ತೆ, ತಿಂತೀವಿ. ಇಲ್ಲಿ ಸೈರನ್ ಇಲ್ಲ, ಅಬ್ಬಾನ ಕಾರ್ಡಿದೆ.

ಈದ್‌ಗೆ ಬರ್ತೀನಿ.

ಅರ್ಸಲಾನ್

*

ಶಿವಾಜಿನಗರ
ಬುಧವಾರ, 12 ಮಾರ್ಚ್ 2025

ಅರ್ಸಲಾನ್,

ಪೂರ್ತಿ ಓದಿದೆ. ಹಕ್ಕಿಗಳ ವಿಷಯ ಬಂದಾಗ ಅಬ್ಬಾ ನಕ್ಕರು. ನಗುವಾಗ ಕೆಮ್ಮು ಬಂತು, ನೀರು ಕೇಳಲು ಹೋಗಿ ರೋಜಾ ನೆನಪಾಗಿ ಮತ್ತೆ ನಕ್ಕರು. "ಒಂದೇ ಕಡೆಗೆ ಒರೆಸುತ್ತಾನಂತೆಯಾ?" ಎಂದು ಎರಡು ಸಲ ಕೇಳಿದರು. ಕಾರ್ಡಿನ ಭಾಗವನ್ನು ಮತ್ತೊಮ್ಮೆ ಓದಿಸಿಕೊಂಡರು.

ಮಾರನೆಯ ದಿನದಿಂದ ನಿನ್ನ ಸುದ್ದಿ ಗುಜರಿ ಬೀದಿಯ ತುದಿಯವರೆಗೂ ಹೋಗಿದೆ. ಪಕ್ಕದ ರೇಡಿಯೇಟರ್ ಅಂಗಡಿಯ ಓವೈಸ್ ಚಾಚಾ ನನ್ನನ್ನು ನಿಲ್ಲಿಸಿ, "ಏನಮ್ಮಾ, ನಿನ್ನ ತಮ್ಮ ಸಮುದ್ರದಲ್ಲಿ ಔಲಿಯಾ ಸಂತ ಆಗ್ಬಿಟ್ಟನಂತೆ!" ಎಂದು ಕಿಚಾಯಿಸಿದರು. ನೀನು ಬಿಟ್ಟ ಸ್ಟೂಲನ್ನು ಅಬ್ಬಾ ತೊಳೆದು ಅಂಗಡಿಯೊಳಗೆ ಇಟ್ಟಿದ್ದಾರೆ.

ಮುಂದಿನ ವಾರದ ಶುಕ್ರವಾರಕ್ಕೆ ಇಪ್ಪತ್ತನೇ ರೋಜಾ. ಅಮ್ಮಿ ಹೋಗಿ ವರ್ಷವಾಗುತ್ತದೆ. ಅಬ್ಬಾ ಅವಳ ಹೆಸರಿನಲ್ಲಿ ಮಸೀದಿಯಲ್ಲಿ ಇಫ್ತಾರ್ ಮಾಡಿಸುತ್ತಿದ್ದಾರೆ. ಗಲ್ಲಿಯ ಹೆಂಗಸರು ಈಗಲೂ ನಮ್ಮ ಮನೆಯನ್ನು "ರೋಜಾದಲ್ಲಿ ಹೋದವಳ ಮನೆ" ಎಂದೇ ಗುರುತು ಹೇಳುತ್ತಾರೆ. ಅದನ್ನು ಕೇಳಿದಾಗ ಅಬ್ಬಾನ ಬೆನ್ನು ನೆಟ್ಟಗಾಗುತ್ತದೆ. ಅವರನ್ನು ಈ ವರ್ಷ ಕುಸಿಯದಂತೆ ನಿಲ್ಲಿಸಿರುವುದು ಆ ಒಂದು ಮಾತೇ ಎಂದು ನನಗೆ ಅನ್ನಿಸುತ್ತದೆ.

ನೀನು ಆಗ ತಿಂದದ್ದನ್ನು ನಾನು ಮರೆತಿದ್ದೇನೆ. ನೀನೂ ಮರೆತುಬಿಡು.

ಸಿದ್ರಾ

*

ಕಪ್ಪೆಬಂಡೆ
ಭಾನುವಾರ, 16 ಮಾರ್ಚ್ 2025

ಆಪಾ,

ಮರೀಬೇಡ. ನಿನ್ನ ಕ್ಷಮೆ ಯಾರಿಗೆ ಬೇಕು? ನಾನು ಕೇಳಿದ್ನಾ?

ಅದು ಬಿಡು. ನಿನ್ನೆ ಬೋಟಲ್ಲಿ ಸುಗತ ಸರ್ ವಾಪಸ್ ಬಂದ್ರು. ಬಂದು ಕಾಲು ಚಾಚಿ ಕೂತು ಮೊದ್ಲು ರಿಜಿಸ್ಟರ್ ತರಿಸಿದ್ರು. ಬೆರಳಿಟ್ಕೊಂಡು ಒಂದೊಂದೇ ಸಾಲು ಓದ್ತಾ ಹೋದ್ರು. ಆಮೇಲೆ ಕನ್ನಡಕ ಮೇಲೆತ್ತಿ ನನ್ನ ನೋಡಿದ್ರು.

"ತಮ್ಮಾ, ಹೊತ್ತು ಮುಳುಗಿದ ಟೈಮ್ ಆರು ಮೂವತ್ತು ಅಂತ ಬರ್ದೀದಿ. ಯಾವ ಊರ ಹೊತ್ತಲೇ ಇದು?"

ಕಾರ್ಡು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದ್ರು. ಕೆಳಗೆ ಮಸೀದಿ ಹೆಸರು, ಶಿವಾಜಿನಗರ, ಬೆಂಗಳೂರು ಅಂತ ಇತ್ತು.

"ಇದು ಬೆಂಗಳೂರಿಂದು. ಹೊತ್ತು ಅಲ್ಲಿ ಮೊದ್ಲ ಮುಳುಗ್ತದ, ಇಲ್ಲಿ ಹನ್ನೆರಡು ನಿಮಿಷ ತಡ. ಪಡುವಣ ಕಡೀಗಿ ಇದ್ದೀವಲ್ಲೋ. ಸಾಲ್ಯಾಗ ಹೇಳಿಲ್ಲೇನು?"

"ಆ ಪಾಠ ಹತ್ತನೇ ಕ್ಲಾಸಲ್ಲಿ ಇತ್ತೇನೋ ಸಾರ್" ಅಂದೆ. ಅವರು ನಗಲಿಲ್ಲ.

"ದೀಪ ಹನ್ನೆರಡು ನಿಮಿಷ ಮೊದ್ಲ ಹಚ್ಚಿದ್ರ ಯಾರದೂ ಏನೂ ಹೋಗಂಗಿಲ್ಲ. ರಿಜಿಸ್ಟರ್ ತಿದ್ದಿ ಸಹಿ ಮಾಡು. ಆದ್ರ ನಿನ್ನ ಉಪಾಸ? ಅದನ್ನೂ ಇದ್ರ ಪ್ರಕಾರನೇ ಬಿಟ್ಟೀಯೇನು?"

ಆಗ ಹೊಳೀತು. ಎರಡು ಬೆರಳು ಎತ್ತರದಲ್ಲಿ ಸೂರ್ಯ ನಿಂತು ದಿನಾ ನನ್ನ ನೋಡ್ತಿದ್ದ. ಅವನ ಮುಂದೇನೇ ಖರ್ಜೂರ ತಿಂದೆ. ಮಾರ್ಚ್ ಎರಡರಿಂದ ಹದಿನಾಲ್ಕರ ತನಕ, ಲೆಕ್ಕ ಹಾಕು, ಹದಿಮೂರು. ಹದಿಮೂರು ದಿನ ನಾಲಿಗೆ ಒಣಗಿಸ್ಕೊಂಡು ಕೊನೇ ಹನ್ನೆರಡು ನಿಮಿಷದಲ್ಲಿ ಕೆಡಿಸ್ಕೊಂಡೆ. ಸಿಟ್ಟು ಬಂದು ಕಾರ್ಡು ಹರಿಯೋಕೆ ಹೋದೆ. ಹರಿಯೋಕೆ ಆಗ್ಲಿಲ್ಲ, ಅಬ್ಬಾ ರಟ್ಟಿಗೆ ಅಂಟಿಸಿದ್ರಲ್ಲ.

ನಿನ್ನೆ ಸಾಯಂಕಾಲ ಇಬ್ರೂ ಮೇಲೆ ಕೂತ್ವಿ. ಮಂಡಿ ನೋವಲ್ಲೂ ನೂರಾ ಮೂವತ್ತೆಂಟು ಮೆಟ್ಲು ಕುಂಟ್ಕೊಂಡು ಹತ್ತಿದ್ರು. ಸೂರ್ಯ ನೀರಿಗೆ ಮುಟ್ಟಿದ. ಅರ್ಧ ಹೋದ. "ತಡಿ" ಅಂದ್ರು. ಉಗುರಿನಷ್ಟು ಉಳೀತು. "ತಡಿ." ಹೋಯ್ತು. "ಈಗ ತಿನ್ನು." ನನ್ನ ಜೀವನದಲ್ಲಿ ಸರಿಯಾಗಿ ಬಿಟ್ಟ ಮೊದಲನೇ ರೋಜಾ ಅದು ಅಂತ ಕಾಣುತ್ತೆ, ಅದನ್ನ ಬಿಡಿಸಿದ್ದು ಬೌದ್ಧರ ಸುಗತ ಸರ್.

ಇದನ್ನ ಅಬ್ಬಾಗೆ ಓದು. ಸಲಾಂ ಗಿಲಾಂ ಸೇರಿಸ್ಬೇಡ. ಇದ್ದದ್ದು ಇದ್ದ ಹಾಗೆ ಓದು. ನನ್ನ ಮಾತು ನಂಬ್ತೀನಿ ಅಂದಿದ್ದಾರಲ್ಲ, ಇದೂ ನನ್ನ ಮಾತೇ.

ಅರ್ಸಲಾನ್

22, ಶನಿವಾರ. ಬೋಟು ಬಂದಿದೆ, ಇದಿಷ್ಟು ಸೇರಿಸ್ತಿದ್ದೀನಿ. ಜಾಫರಣ್ಣನ್ನ ಕೇಳಿದೆ. "ಸೂರ್ಯ ಮುಳುಗದೆ ಎಂತ ಇಫ್ತಾರ್ ಮಾರಾಯ? ಅಷ್ಟೂ ಮತ್ತೆ ಇಡ್ಬೇಕು. ಗೊತ್ತಿಲ್ದೆ ಮಾಡಿದ್ದು, ಪಾಪ ಇಲ್ಲ, ಆದ್ರೆ ಇಡೋದು ತಪ್ಪೂದಿಲ್ಲ" ಅಂದ. ಈದ್ ಕಳೆದ್ಮೇಲೆ ಹದಿಮೂರೂ ಇಡ್ತೀನಿ. ಅದನ್ನೂ ಓದು.

*

ಶಿವಾಜಿನಗರ
ಬುಧವಾರ, 26 ಮಾರ್ಚ್ 2025

ಅರ್ಸಲಾನ್,

ಈ ಪತ್ರ ನೀನು ಬೋಟು ಹತ್ತುವ ಹೊತ್ತಿಗೆ ಸಿಗುತ್ತದೆ. ದಯವಿಟ್ಟು ದಾರಿಯಲ್ಲಿ ಮತ್ತೊಮ್ಮೆ ಓದು.

ನಾನು ಅದನ್ನು ಅಬ್ಬಾಗೆ ಓದಲಿಲ್ಲ. ಪತ್ರ ಕೈಯಲ್ಲಿ ಹಿಡಿದು ಅಬ್ಬಾನ ಮುಂದೆ ಕುಳಿತೆ. ಅವರು ಕನ್ನಡಕ ಒರೆಸಿಕೊಂಡು, ತಾನೇ ಓದುವವರ ಹಾಗೆ ಹಾಕಿಕೊಂಡರು. ನನ್ನ ಬಾಯಿಂದ ಬಂದದ್ದು ಬೇರೆ. ಸುಗತ ಎನ್ನುವವರು ವಾಪಸ್ ಬಂದಿದ್ದಾರೆ, ರಿಜಿಸ್ಟರ್ ನೋಡಿ ಮೆಚ್ಚಿದರು, ಇಪ್ಪತ್ತೊಂದು ಮುಗಿದಿದೆ, ಒಂದೂ ಬಿಟ್ಟಿಲ್ಲ ಎಂದೆ. ಕಾಗದ ನೋಡಿಕೊಂಡು ಹೀಗೆ ಸುಳ್ಳು ಓದುವುದು ನನಗೆ ಇಷ್ಟು ಸಲೀಸು ಎಂದು ನನಗೇ ಗೊತ್ತಿರಲಿಲ್ಲ.

ಅಮ್ಮಿಯ ಇಫ್ತಾರಿನ ದಿನ ಅಬ್ಬಾ ಇಮಾಮರ ಮುಂದೆ, "ತಾಯಿಯ ಹಠ ಮಗನಿಗೆ ಒಂದು ವರ್ಷ ತಡವಾಗಿ ಬಂತು" ಎಂದರು. ಆಮೇಲೆ ಅತ್ತರು. ನಾನು ಹೆಂಗಸರ ಕಡೆಯಿಂದ ನೋಡಿದೆ. ಈದ್‌ಗೆ ಅಂಗಡಿಯವರನ್ನೆಲ್ಲ ಕರೆದಿದ್ದಾರೆ.

ಹನ್ನೆರಡು ನಿಮಿಷವನ್ನು ಯಾರು ನೋಡಿದರು? ಅಲ್ಲಾ ಕ್ಷಮಿಸಿಬಿಡುತ್ತಾನೆ, ಅಬ್ಬಾನದೇ ಕಷ್ಟ. ಆ ಹದಿಮೂರನ್ನು ಹೋಗಿ ಬಂಡೆಯ ಮೇಲೆ ಇಟ್ಟುಕೋ, ಬೇಡ ಎನ್ನುವವರು ಯಾರು? ಈದ್ ದಿನ ಮಾತ್ರ ಸುಮ್ಮನೆ ಕೂತು ಉಣ್ಣು. ಒಂದು ಊಟ, ಅಷ್ಟೇ ಕೇಳುತ್ತಿರುವುದು. ನಿನ್ನ ಬಾಯಿ ನನಗೆ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ಸಿದ್ರಾ

*

ಶಿವಾಜಿನಗರ, ಮನೆ
ಸೋಮವಾರ, 31 ಮಾರ್ಚ್ 2025, ಈದ್

ಆಪಾ,

ನೀನು ಫ್ರೇಜರ್ ಟೌನಿಗೆ ಖಾಲಾ ಮನೆಗೆ ಶೀರ್ ಖುರ್ಮಾ ಪಾಯಸ ಕೊಡೋಕೆ ಹೋಗಿದ್ದೀಯ. ನೀನು ಬರೋ ತನಕ ಕಾಯೋಕೆ ಆಗಲ್ಲ. ಅಡುಗೆಮನೇಲಿ ಕೂತು ನಿನ್ನ ಅಳತೆ ಪುಸ್ತಕದ ಹಾಳೆ ಹರಿದು ಬರೀತಿದ್ದೀನಿ. ಹೋಗಿ ಬರೋದ್ರಲ್ಲಿ ಏನಾಯ್ತು ಅಂತ ಬೇರೆಯವರು ಹೇಳೋಕೆ ಮುಂಚೆ ನಾನೇ ಹೇಳ್ತೀನಿ.

ನಮಾಜ್ ಮುಗಿದ ಮೇಲೆ ಅಬ್ಬಾ ನನ್ನ ತಬ್ಕೊಂಡ್ರು. ಬಿಡಲೇ ಇಲ್ಲ ಸುಮಾರು ಹೊತ್ತು. ಹೊಸ ಕುರ್ತಾದಲ್ಲೂ ಪಾಲಿಶ್ ವಾಸನೆ. ನಾನು ನೀನು ಹೇಳಿದ ಹಾಗೇ ಸುಮ್ನೆ ಇರೋದು ಅಂತ ಆಗ ತೀರ್ಮಾನ ಮಾಡಿದ್ದೆ. ನಿಜವಾಗ್ಲೂ.

ದಸ್ತರ್‌ಖಾನಲ್ಲಿ ಅವರ ಪಕ್ಕ ಕೂರಿಸಿದ್ರು. ಎಂಟು ಜನ ಇದ್ರು. ನನ್ನ ತಟ್ಟೆಗೆ ಅವರೇ ಬಡಿಸಿ, ಬೆನ್ನು ತಟ್ಟಿ ಹೇಳಿದ್ರು: "ನೋಡಿ, ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು."

"ಹದಿನಾರು ಅಬ್ಬಾ" ಅಂದೆ.

ಬಾಯಿಂದ ಬಂದ್ಬಿಡ್ತು. ನನ್ನ ಮಾತು ನಂಬ್ತೀನಿ ಅಂದವರ ಪಕ್ಕ ಕೂತು ಹೇಗೆ ನುಂಗ್ಲಿ?

"ಕ್ಯಾ ಬೋಲಾ?" ಅಂದ್ರು. ಹೇಳಿದೆ. ಕಾರ್ಡು, ಸೂರ್ಯ, ಹನ್ನೆರಡು ನಿಮಿಷ, ಎಲ್ಲಾ. ಓವೈಸ್ ಚಾಚಾ ನಕ್ಕು, "ಹೋಗ್ಲಿ ಬಿಡೋ ಪಾಷಾ, ಹುಡುಗ ನಿನ್ನ ಕಾರ್ಡೇ ನಂಬಿದ್ದಾನೆ. ತಪ್ಪು ನಿಂದೇ!" ಅಂದ್ರು. ಅಬ್ಬಾ ನಗಲಿಲ್ಲ.

"ಸಿದ್ರಾಗೆ ಗೊತ್ತಿತ್ತಾ?"

"ಇಲ್ಲ. ಅವಳಿಗೆ ಬರೆದಿಲ್ಲ." ನಿನ್ನ ಹೆಸರು ಎಳೆದಿಲ್ಲ. ನೀನಾಗಿ ಹೋಗಿ ಹೇಳ್ಕೋಬೇಡ.

ಅವರು ಚಮಚ ಕೆಳಗಿಟ್ರು. "ಸೂರ್ಯ ಕಣ್ಣೆದುರಿಗೇ ಇದ್ದ ಅಂತೀಯ. ಕಾಣಿಸ್ತಿದ್ರೂ ತಿಂದೆ. ನಿಂಗೆ ತಿನ್ನೋದು ಒಂದೇ ಗೊತ್ತು. ನಿಮ್ಮಮ್ಮಿ, ಮೈಯಲ್ಲಿ ಜೀವ ಇಲ್ಲ, ಇಪ್ಪತ್ತು ದಿನ ಇಟ್ಲು. ಒಂದು ನಿಮಿಷ ಆಚೆ ಈಚೆ ಇಲ್ಲ. ಅವಳ ಹೊಟ್ಟೇಲಿ ನೀನು ಹೇಗೆ ಹುಟ್ಟಿದೆ?"

ಎಂಟೂ ಜನ ನನ್ನೇ ನೋಡ್ತಿದ್ರು. ಬಾಯಲ್ಲಿ ಮಾತು ಬಂದು ನಿಂತಿತ್ತು. ಹೇಳ್ಲಿಲ್ಲ. ಎದ್ದು ಇಲ್ಲಿ ಬಂದೆ. ನಿಂಗೆ ಹೇಳ್ತೀನಿ, ನಿಂಗೆ ಮಾತ್ರ.

ಅಮ್ಮಿ ಒಂದು ರೋಜಾನೂ ಇಡ್ಲಿಲ್ಲ.

ಮಧ್ಯಾಹ್ನದ ಮಾತ್ರೆ ಖಾಲಿ ಹೊಟ್ಟೇಲಿ ತಗೊಂಡ್ರೆ ಸಾಯ್ತೀರಿ ಅಂತ ಡಾಕ್ಟ್ರು ನನ್ನ ಮುಂದೇನೇ ಅಂದಿದ್ರು. ನೀನು ಹೊಲಿಗೆಗೆ ಹೋಗ್ತಿದ್ದೆ, ಅಬ್ಬಾ ಅಂಗಡೀಲಿ. ನಾನು ಒಂದು ಗಂಟೆಗೆ ಬನ್ನು ಹಾಲು ತಗೊಂಡು ಬರ್ತಿದ್ದೆ. ಅವಳು ತಿನ್ನೋಳಲ್ಲ. "ರಂಜಾನಲ್ಲಿ ಒಬ್ಳೇ ಕೂತು ಕಳ್ಳಿ ಥರ ತಿನ್ನಲಾ? ನೀನು ತಿಂದ್ರೆ ತಿಂತೀನಿ." ತಿಂದೆ. ದಿನಾ ತಿಂದೆ. ಅಬ್ಬಾಗೆ ಹೇಳೋಣ ಅಂದ್ರೆ ನನ್ನ ಕೈ ತೆಗೆದು ಅವಳ ತಲೆ ಮೇಲೆ ಇಟ್ಕೊಂಡು ಆಣೆ ಹಾಕಿಸಿದ್ಲು. "ನಾನು ರೋಜಾ ಬಿಟ್ಟೆ ಅಂದ್ರೆ ಇನ್ನು ನಾನು ಉಳಿಯಲ್ಲ ಅಂತ ಅವರಿಗೆ ಗೊತ್ತಾಗ್ಬಿಡುತ್ತೆ. ಗೊತ್ತಾದ್ರೆ ಅವರು ಅಂಗಡಿ ತೆಗೆಯಲ್ಲ, ಗೋಡೆ ನೋಡ್ಕೊಂಡು ಕೂತ್ಬಿಡ್ತಾರೆ." ಸಂಜೆ ಸೈರನ್ ಆದ್ಮೇಲೆ ಅಬ್ಬಾ ಜೊತೆ ಕೂತು ಖರ್ಜೂರ ಬಾಯಿಗಿಡೋವಾಗ ನನ್ನ ಕಡೆ ನೋಡಿ ಕಣ್ಣು ಹೊಡೆಯೋಳು. ಅಷ್ಟು ಜೋರಿದ್ಲು ನಮ್ಮಮ್ಮಿ.

ಇಪ್ಪತ್ತನೇ ದಿನ ಅವಳ ಕೈಲಿ ನುಂಗೋಕೆ ಆಗ್ಲಿಲ್ಲ. ನಾನು ಅವಳ ಮುಂದೆ ಕೂತು ತಿಂದೆ, ನೋಡಿ ಒಂದು ತುತ್ತಾದ್ರೂ ತಿಂತಾಳೇನೋ ಅಂತ. ದೊಡ್ಡ ದೊಡ್ಡದಾಗಿ ಅಗಿದೆ, ಚೆನ್ನಾಗಿದೆ ಚೆನ್ನಾಗಿದೆ ಅಂತ. ಆಗ ಅಬ್ಬಾ ಒಳಗೆ ಬಂದ್ರು. ಅವರು ನೋಡಿದ್ದು ಅದೊಂದೇ. ಆವತ್ತು ಒಂದು ದಿನದ ಮಟ್ಟಿಗೆ ಅವರು ಹೇಳೋದು ನಿಜ. ಬಾಯಿಗೆ ಹನಿ ನೀರಿಲ್ದೇ ಹೋದ್ಲು.

ಈಗ ಹೊರಗೆ ಅದೇ ನಡೀತಿದೆ. ಉಮ್ಮೆ ಕುಲ್ಸುಂ ಹೇಗೆ ಹೋದ್ಲು ಅಂತ ಅಬ್ಬಾ ಹೇಳ್ತಿದ್ದಾರೆ, ಧ್ವನಿ ಕೇಳಿಸ್ತಿದೆ. ಹೇಳ್ತಾ ಹೇಳ್ತಾ ಗಟ್ಟಿ ಆಗ್ತಿದ್ದಾರೆ. ಹೇಳ್ಲಿ.

ನಾನು ಹೊರಟೆ. ಸಂಜೆ ಬಸ್ಸು, ಶನಿವಾರದ ತನಕ ಜಾಫರಣ್ಣನ ಮನೆ, ಆಮೇಲೆ ಬಂಡೆ. ಮಿಷಿನ್ನು ಇನ್ನೂ ರಿಪೇರಿ ಆಗಿಲ್ಲ, ಮುಂದಿನ ಮೂರು ತಿಂಗಳೂ ಇರು ಅಂದಿದ್ದಾರೆ ಸುಗತ ಸರ್. ಈ ಹಾಳೆ ಓದಿ ಒಲೆಗೆ ಹಾಕು.

ಮುಂದಿನ ಬಾಗಿಲಿಗೆ ಹೋಗ್ಬೇಕು ಅಂದ್ರೆ ಅವರೆಲ್ಲರ ನಡುವೆ ದಾಟಿ ಹೋಗ್ಬೇಕು. ಮೆತ್ತಗೆ ಹೋದ್ರೆ ಓವೈಸ್ ಚಾಚಾ ಕೈ ಹಿಡಿದು ಕೂರಿಸ್ತಾರೆ. "ಯಾಕೋ ಮಗಾ, ಆವತ್ತು ಯಾಕೆ ತಿಂದೆ ಹೇಳೋ" ಅಂತ ಪ್ರೀತಿಯಿಂದ ಒಂದು ಮಾತು ಕೇಳಿದ್ರೆ ಸಾಕು, ನಾನು ಹೇಳ್ಬಿಡ್ತೀನಿ ಆಪಾ. ಒಂದು ವರ್ಷದಿಂದ ಹೇಳ್ಬಿಡೋಕೆ ಕಾಯ್ತಿದ್ದೀನಿ. ಸಿಟ್ಟಲ್ಲಿ ಹೋಗೋನ ಕೈ ಯಾರೂ ಹಿಡಿಯಲ್ಲ. ಅದಕ್ಕೇ ತಟ್ಟೆ ದಾಟ್ಕೊಂಡು, ಯಾರಿಗೂ ಸಲಾಂ ಹೇಳ್ದೆ, ಮುಖ ಗಂಟು ಹಾಕ್ಕೊಂಡು ಹೋಗ್ತೀನಿ, ಬಾಗಿಲು ರಪ್ ಅಂತ ಹಾಕ್ತೀನಿ. ಗೋಡೆ ಸುಣ್ಣ ಉದುರೋ ಹಾಗೆ ಹಾಕ್ತೀನಿ.